ಚುಂಚನಕಟ್ಟೆ ಜಾತ್ರೆಗೆ ಹೋಗಿ ಲ್ಯಾಪ್‌ಟಾಪ್ ಉಳಿಸಿಕೊಂಡೆವು

ಬೆಳಗಿನ ಕಾಫಿಯ ಜೊತೆ ಎರಡು ಸುದ್ದಿ ಓದದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಒಂದು, ಕನ್ನಂಬಾಡಿಯ ನೀರಿನ ಮಟ್ಟ. ಇನ್ನೊಂದು, ಕಂಪ್ಯೂಟರ್ ಸುದ್ದಿ. ಮೊದಲನೆಯದು ಮೈಸೂರಿನವರಿಗೆಲ್ಲ ಇರುವ ಚಟ. ಎರಡನೆಯದು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದ ನನ್ನ ಸ್ವಂತ ಚಟ.

ಓದಿ ಸುಮ್ಮನಾಗುವುದಿಲ್ಲ. ಕತ್ತರಿಸಿ ಒಂದು ಹಳೆಯ ಲೆಡ್ಜರಿಗೆ ಅಂಟಿಸುತ್ತೇನೆ. ಎಡಪುಟದಲ್ಲಿ ಪತ್ರಿಕೆ ಏನು ಹೇಳಿತು ಎಂಬುದು. ಬಲಪುಟ ಖಾಲಿ. ನಾಲ್ಕೈದು ವರ್ಷ ಕಳೆದ ಮೇಲೆ ನಿಜವಾಗಿ ಏನಾಯಿತು ಎಂದು ಅಲ್ಲಿ ಬರೆಯುತ್ತೇನೆ. ಬಿ.ಕಾಂ. ಓದಿದವನಿಗೆ ಜಮೆ ಇದ್ದರೆ ಖರ್ಚೂ ಕಾಣಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಆ ಲೆಡ್ಜರಿನ ಒಂದು ಪುಟ ನೋಡಿ. 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ‘ವಿಂಡೋಸ್ 10’ ಬಂತು. ಇದೇ ಕೊನೆಯ ವಿಂಡೋಸ್, ಇನ್ನು ಮುಂದೆ ಇದನ್ನೇ ತಿದ್ದುತ್ತಾ ಹೋಗುತ್ತಾರೆ ಎಂದು ಆ ಕಂಪನಿಯವರೇ ಒಬ್ಬರು ಹೇಳಿದ್ದು ಸುದ್ದಿಯಾಗಿತ್ತು. ಎಡಪುಟದಲ್ಲಿ ಅದು ಅಂಟಿಕೊಂಡಿದೆ. ಬಲಪುಟದಲ್ಲಿ ನಾನು ಬರೆದದ್ದು: ‘2021ರ ಅಕ್ಟೋಬರ್, ವಿಂಡೋಸ್ 11 ಬಂತು.’ ಅದರ ಕೆಳಗೆ ಇನ್ನೊಂದು ಸಾಲು: ‘2025ರ ಅಕ್ಟೋಬರ್ 14, ವಿಂಡೋಸ್ 10ಕ್ಕೆ ಉಚಿತ ರಕ್ಷಣೆ ಮುಗಿಯಿತು.’

ಈ ಕೊನೆಯ ಸಾಲೇ ನಮ್ಮ ಮನೆಯಲ್ಲಿ ಜಗಳ ತಂದದ್ದು.

ನಮ್ಮ ಮನೆಯ ಲ್ಯಾಪ್‌ಟಾಪು 2017ರಲ್ಲಿ ಕೊಂಡದ್ದು. ಒಂಬತ್ತನೇ ತರಗತಿಯ ಮೊಮ್ಮಗಳು ಅದರಲ್ಲಿ ಶಾಲೆಯ ಪ್ರಾಜೆಕ್ಟ್ ಮಾಡುತ್ತಾಳೆ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. ಅದು ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ ಎಂದು ತೆರೆಯ ಮೇಲೆ ತಾನೇ ಬರೆದು ತೋರಿಸಿತು. ಅಂಗಡಿಯವನು, “ಎಐ ಬಂದು ಮೆಮೊರಿಗೆಲ್ಲ ಬೆಲೆ ಏರ್ತಿದೆ ಸಾರ್, ಈ ತಿಂಗಳೇ ತಗೊಂಬಿಡಿ” ಅಂದ. ಅವನು ಹೇಳಿದ್ದು ಸುಳ್ಳಲ್ಲ. ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳುತ್ತಿವೆ. ಮೈಕ್ರಾನ್ ಎಂಬ ಅಮೆರಿಕದ ಕಂಪನಿ, ನಮ್ಮಂಥ ಮನೆಬಳಕೆಯವರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮೆಮೊರಿ ಮಾರುವ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದನ್ನೂ ಕತ್ತರಿಸಿ ಅಂಟಿಸಿದ್ದೇನೆ.

“ಹೊಸದೇ ತಗೊಳ್ಳೋಣ ಅಪ್ಪ, ಐವತ್ತು ಸಾವಿರದ ಒಳಗೆ ಆಗುತ್ತೆ” ಎಂದ ಮಗ. ಆ ಐವತ್ತು ಸಾವಿರಕ್ಕೆ ಮುರಿಯಬೇಕಾದದ್ದು ನನ್ನ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಇಟ್ಟಿದ್ದ ಠೇವಣಿ. ಅವಳು ಒಂದು ಮಾತೂ ಆಡಲಿಲ್ಲ. “ಕಣ್ಣೇನು, ಇನ್ನೊಂದು ವರ್ಷ ತಡೆದೀತು” ಎಂದು ಅಡುಗೆಮನೆಗೆ ಹೋದಳು. ನನಗೆ ಆ ರಾತ್ರಿ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಮರುದಿನ ಪತ್ರಿಕೆಯಲ್ಲಿ ಚುಂಚನಕಟ್ಟೆ ಜಾತ್ರೆಯ ಸುದ್ದಿ ಇತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ ಸೇರುತ್ತದೆ. “ಜಾತ್ರೆ ಮುಗಿಸಿ ಬಂದು ತೀರ್ಮಾನ ಮಾಡೋಣ” ಎಂದೆ. “ತಾತ, ನಾನೂ ಬರ್ತೀನಿ” ಎಂದು ಮೊಮ್ಮಗಳು ಹೊರಟೇ ಬಿಟ್ಟಳು.

ಮೈಸೂರಿನಿಂದ ಹಾಸನ, ಅರಸೀಕೆರೆ ಕಡೆಗೆ ಹೋಗುವ ರೈಲು ಹತ್ತಿದರೆ ಸಾಗರಕಟ್ಟೆಯ ಬಳಿ ಕನ್ನಂಬಾಡಿ ಹಿನ್ನೀರಿನ ಮೇಲೆ ಸೇತುವೆ ಬರುತ್ತದೆ. ಮಕ್ಕಳಿಗೆ ಕಿಟಕಿಯ ಪಕ್ಕದ ಜಾಗ ಕೊಡಿ. ಎರಡೂ ಕಡೆ ನೀರು, ನಡುವೆ ರೈಲು, ಮುಳುಗಿದ ಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂತಿರುತ್ತವೆ. ಮುಂದೆ ಕೃಷ್ಣರಾಜನಗರ. ಹಳೆಯ ಊರು ಎಡತೊರೆ ಕಾವೇರಿಯ ದಡದಲ್ಲೇ ಇದ್ದು ಪ್ರವಾಹಕ್ಕೆ ಸಿಕ್ಕಿದ್ದರಿಂದ, ಎತ್ತರದ ಜಾಗದಲ್ಲಿ ಅಳತೆ ಹಾಕಿ ಕಟ್ಟಿದ ಹೊಸ ಊರು ಇದು. ಅದಕ್ಕೇ ಇಲ್ಲಿನ ಬೀದಿಗಳು ಗೆರೆ ಎಳೆದಂತೆ ನೇರವಾಗಿವೆ. ಹಳೆಯ ಎಡತೊರೆಯಲ್ಲಿ ಅರ್ಕೇಶ್ವರ ದೇವಸ್ಥಾನ ಈಗಲೂ ಇದೆ. ಬಿಡುವಿದ್ದವರು ನೋಡಿಯೇ ಮುಂದೆ ಹೋಗಬೇಕು.

ಅಲ್ಲಿಂದ ಚುಂಚನಕಟ್ಟೆಗೆ ಬಸ್ಸಿನಲ್ಲಿ ಸುಮಾರು ಹದಿನೈದು ಕಿಲೋಮೀಟರ್. ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿತ್ತು, ಈಗ ಸಾಲಿಗ್ರಾಮ ತಾಲ್ಲೂಕು. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಬ್ಬು, ತೆಂಗು. ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಲ್ಲಿನ ಮೆದೆಗಳು. ಬಸ್ಸಿನ ತುಂಬ ಜಾತ್ರೆಯ ಜನ. ಈ ದಾರಿಯಲ್ಲಿ ನಾನು ಹಿಂದೆ ಎಷ್ಟೋ ಸಲ ಓಡಾಡಿದ್ದೇನೆ. ಈ ಕಡೆಯ ಒಂದು ಶಾಖೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು.

ಜಾತ್ರೆ ಬಯಲಿಗೆ ಇಳಿದ ಕೂಡಲೇ ಮೊಮ್ಮಗಳು ಬಾಯಿ ಬಿಟ್ಟುಕೊಂಡು ನಿಂತಳು. ಕಣ್ಣು ಹಾಯುವಷ್ಟು ದೂರ ಎತ್ತುಗಳು. ಹೆಚ್ಚಿನವು ಹಳ್ಳಿಕಾರ್ ತಳಿ: ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗಿದ ಚೂಪು ಕೊಂಬು. ಕೆಲವು ಜೋಡಿಗಳಿಗೆ ಶಾಮಿಯಾನ ಹಾಕಿ, ಕೊರಳಿಗೆ ಗೆಜ್ಜೆ ಕಟ್ಟಿ ಮದುಮಕ್ಕಳ ಹಾಗೆ ನಿಲ್ಲಿಸಿದ್ದರು. ಹಗ್ಗ, ಮೂಗುದಾರ, ಬಾರುಕೋಲು ಮಾರುವ ಅಂಗಡಿಗಳು. ಕಡಲೆಪುರಿ, ಬತ್ತಾಸು, ಬಳೆ. ಲಾಳ ಕಟ್ಟುವ ಸದ್ದು. ಹಾವೇರಿ, ಧಾರವಾಡ, ಬಳ್ಳಾರಿ ಕಡೆಯ ರೈತರು ಈ ಭಾಗದ ಜಾತ್ರೆಗಳಿಗೆ ಎತ್ತು ಕೊಳ್ಳಲು ಬರುವುದು ಹಿಂದಿನಿಂದ ನಡೆದು ಬಂದದ್ದು. ಅವರ ಮಾತಿನ ಧಾಟಿಯೇ ಬೇರೆ, ಕಿವಿಗೆ ಹಿತ.

ಒಂದು ಜೋಡಿಯ ಮುಂದೆ ವ್ಯಾಪಾರ ನಡೆದಿತ್ತು. ಕೊಳ್ಳುವವರು ಎತ್ತಿನ ಕೆಳದುಟಿ ಸರಿಸಿ ಹಲ್ಲು ನೋಡಿದರು. ಮೊಮ್ಮಗಳು ನನ್ನ ತೋಳು ಜಗ್ಗಿದಳು.

“ತಾತ, ಅದೇನು ನೋಡ್ತಿದ್ದಾರೆ?”

“ವಯಸ್ಸು.”

ಹತ್ತಿರ ನಿಂತಿದ್ದ ಹಿರಿಯರೊಬ್ಬರು ತಾವೇ ವಿವರಿಸಿದರು. ದನಕ್ಕೆ ಮುಂದಿನ ಹಲ್ಲು ಕೆಳಗಡೆ ಮಾತ್ರ ಇರುವುದು. ಕರುವಿನ ಹಾಲುಹಲ್ಲು ಬಿದ್ದು ಎರಡೂವರೆ ವರ್ಷದ ಹೊತ್ತಿಗೆ ನಡುವಿನ ಎರಡು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು, ಎಂಟು. ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ಅಲ್ಲಿಂದ ಮುಂದೆ ಹಲ್ಲು ಸವೆದದ್ದನ್ನು ನೋಡಿ ಅಂದಾಜು ಮಾಡಬೇಕು.

“ಬಾಯಿಗೂಡಿದ್ರೆ ಎತ್ತು ಮುಗೀತಾ ತಾತ?” ಎಂದು ಆ ಹಿರಿಯರನ್ನೇ ಕೇಳಿದಳು.

ಅವರು ನಕ್ಕುಬಿಟ್ಟರು. “ಮುಗಿಯಾದ್ ಎಲ್ಲಿ ಮಗಾ, ಅಲ್ಲಿಂದ್ಲೇ ಅಲ್ವಾ ಗೇಮೆ ಸುರು. ಹಲ್ಲು ನೋಡ್ದಂಗೇ ಕಾಲೂ ನೋಡ್ಬೇಕು, ನಡಿಗೇನೂ ನೋಡ್ಬೇಕು. ನಿಂಗೆ ಯಾಕ್ ಬೇಕು ಅನ್ನಾದ್ನ ಮೊದ್ಲು ನೋಡ್ಬೇಕು. ಗಾಡಿಗೋ, ಗದ್ದೆಗೋ, ಇಲ್ಲಾ ಮನೆ ಮುಂದೆ ಕಟ್ಕೊಂಡು ಮೀಸೆ ತಿರುವಾಕೋ?”

ಆ ಹೊತ್ತಿಗೆ ದಳ್ಳಾಳಿ ತನ್ನ ಟವೆಲ್ಲನ್ನು ಮಾರುವವನ ಕೈಮೇಲೆ ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಬೆರಳಿನ ಲೆಕ್ಕ ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ, ಹಿಡಿದವರಿಬ್ಬರಿಗೆ ಮಾತ್ರ. ಮಕ್ಕಳೇ, ನಾವು ದಿನಕ್ಕೆ ಹತ್ತು ಸಲ ‘ಡಿಜಿಟಲ್’ ಎನ್ನುತ್ತೇವಲ್ಲ, ಆ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿ ಬೆರಳು ಎಂದು ಅರ್ಥ. ಹಾಗೆ ನೋಡಿದರೆ ಚುಂಚನಕಟ್ಟೆ ಜಾತ್ರೆಯ ವ್ಯಾಪಾರ ಹಿಂದಿನಿಂದಲೂ ಡಿಜಿಟಲ್ಲೇ. ಈಗ ಇನ್ನೊಂದು ಬಗೆಯ ಡಿಜಿಟಲ್ ಕೂಡ ಬಂದಿದೆ. ಕಡಲೆಪುರಿ ಅಂಗಡಿಯಲ್ಲಿ ಚೌಕುಳಿಯ ಚಿತ್ರಕ್ಕೆ ಫೋನು ಹಿಡಿದರೆ, ಇಪ್ಪತ್ತು ರೂಪಾಯಿ ಬಂತು ಎಂದು ಪುಟ್ಟ ಪೆಟ್ಟಿಗೆ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಎತ್ತುಗಳ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ ಹನ್ನೆರಡು ಅಂಕಿಯ ಸಂಖ್ಯೆ. ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟರೆ ದನದ ತಳಿ, ವಯಸ್ಸು, ಹಾಕಿಸಿದ ಲಸಿಕೆ ಸಿಗುವಂತೆ ಸರ್ಕಾರ ವ್ಯವಸ್ಥೆ ಮಾಡಿದೆ.

“ಹಾಗಾದ್ರೆ ಹಲ್ಲು ಯಾಕೆ ನೋಡ್ಬೇಕು? ನಂಬರ್ ಹಾಕಿ ಕಂಪ್ಯೂಟರ್ ಕೇಳಿದ್ರೆ ಸಾಕಲ್ವಾ ತಾತ?” ಎಂದಳು ಮೊಮ್ಮಗಳು.

ನಾನು ಉತ್ತರ ಹೇಳಲಿಲ್ಲ. ಇದೇ ಬಯಲಿನ ಒಂದು ಹಳೆಯ ಸಂಗತಿ ಎದೆಗೆ ಬಂದು ನಿಂತಿತು. ಹುಣಸೆ ಮರದ ನೆರಳಿಗೆ ಕರೆದುಕೊಂಡು ಹೋಗಿ, ಕಡಲೆಪುರಿ ಪೊಟ್ಟಣ ಬಿಚ್ಚಿ, ಅವಳಿಗೆ ಹೇಳಿದೆ. ಮನೆಯಲ್ಲಿ ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿರದ ಕಥೆ.

ನಾವು ಬ್ಯಾಂಕಿಗೆ ಸೇರಿದಾಗ ಎಲ್ಲವೂ ಕೈಬರಹ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂದು ನಾವೆಲ್ಲ ಹೆದರಿದ್ದೆವು, ಬಿಲ್ಲೆ ಚುಚ್ಚಿಕೊಂಡು ಘೋಷಣೆ ಕೂಗಿದ್ದೆವು. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. 1984ರಲ್ಲಿ ಸಿ. ರಂಗರಾಜನ್ ಅವರ ಸಮಿತಿ ಬ್ಯಾಂಕುಗಳಿಗೆ ಯಂತ್ರಗಳನ್ನು ತರುವ ದಾರಿ ತೋರಿಸಿ ವರದಿ ಕೊಟ್ಟಿತು. ಮೊದಲು ದೊಡ್ಡ ಊರುಗಳ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ನಮ್ಮಂಥ ಹಳ್ಳಿಗಾಡಿನ ಶಾಖೆಗೆ ಕಂಪ್ಯೂಟರ್ ಬಂದಾಗ 1997ರ ಕೊನೆ. ಕಿರ್ರ್ ಕಿರ್ರ್ ಎಂದು ಚುಕ್ಕಿ ಚುಕ್ಕಿ ಸೇರಿಸಿ ಅಕ್ಷರ ಮಾಡುವ ಮುದ್ರಣಯಂತ್ರವೂ ಅದರ ಜೊತೆ ಬಂತು. ಅಂಥ ಯಂತ್ರಗಳು ಆಗ ಮೈಸೂರಿನಲ್ಲೇ, ವಿಪ್ರೊ ಕಂಪನಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು.

ಇದ್ದಬದ್ದ ಖಾತೆಗಳನ್ನೆಲ್ಲ ಲೆಡ್ಜರ್ ನೋಡಿ ಕಂಪ್ಯೂಟರಿಗೆ ತುಂಬಬೇಕು. ಹಗಲು ಕೌಂಟರು, ಸಂಜೆ ಈ ಕೆಲಸ. ಎಲ್ಲ ತುಂಬಿದ ಮೇಲೆ ಲೆಡ್ಜರಿನ ಒಟ್ಟು ಮೊತ್ತಕ್ಕೂ ಕಂಪ್ಯೂಟರಿನ ಒಟ್ಟು ಮೊತ್ತಕ್ಕೂ 1,800 ರೂಪಾಯಿ ವ್ಯತ್ಯಾಸ ಬಂತು. ತಿಂಗಳ ಕೊನೆಗೆ ಹುಡುಕೋಣ ಎಂದು ಬಿಟ್ಟೆವು.

ಜನವರಿಯಲ್ಲಿ ಒಬ್ಬ ರೈತರು ಬಂದರು. ಮಗಳ ಮದುವೆಗೆ ಎಂಟು ಸಾವಿರ ತೆಗೆಯಬೇಕಿತ್ತು. ನಾನು ನೋಡಿ, “ನಿಮ್ಮ ಖಾತೆಯಲ್ಲಿ 6,840 ಇದೆಯಷ್ಟೆ” ಎಂದೆ.

“ಇಲ್ಲ ಸಾಮಿ, ಎಂಟು ಸಾವಿರದ ಮ್ಯಾಲಿರಬೇಕು. ಸುಗ್ಗೀಲಿ ಕಟ್ಟಿದ್ನಲ್ಲ.”

ಅವರ ಹಳೆಯ ಪಾಸ್‌ಬುಕ್ಕು ಹೊಸದು ಬರೆಯಲೆಂದು ನಮ್ಮಲ್ಲೇ ಇತ್ತು. ಕಟ್ಟಿನಿಂದ ಹುಡುಕಿ ತೆಗೆಯಲು ಹತ್ತು ನಿಮಿಷ ಬೇಕಾಗುತ್ತಿತ್ತು. ಕೌಂಟರಿನ ಮುಂದೆ ಸಾಲು ನಿಂತಿತ್ತು. ನಾನು ಪರದೆಯನ್ನು ಅವರ ಕಡೆಗೆ ತಿರುಗಿಸಿ, “ನೋಡಿ, ಕಂಪ್ಯೂಟರ್ರೇ ಹೇಳ್ತಿದೆ. ಅದು ಸುಳ್ಳು ಹೇಳುತ್ತಾ?” ಎಂದುಬಿಟ್ಟೆ.

1,800 ರೂಪಾಯಿಯ ವ್ಯತ್ಯಾಸ ಇರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿದೆ.

ಓದು ಬಾರದ ಮನುಷ್ಯ. ಪರದೆಯನ್ನು ಒಂದು ಗಳಿಗೆ ನೋಡಿ, ಇದ್ದಷ್ಟು ತೆಗೆದುಕೊಂಡು ಹೋದರು. ಕೊರೆಬಿದ್ದ ದುಡ್ಡಿಗಾಗಿ ತಮ್ಮ ಎತ್ತಿನ ಜೋಡಿಯನ್ನು ಇದೇ ಜಾತ್ರೆಗೆ ಹೊಡೆದುಕೊಂಡು ಬಂದು ಮಾರಿ, ಕಡಿಮೆ ಬೆಲೆಯ ಪಳಗದ ಹೋರಿಗಳನ್ನು ಕೊಂಡು, ಉಳಿದದ್ದನ್ನು ಮದುವೆಗೆ ಹಾಕಿದರು.

ತಿಂಗಳ ಕೊನೆಗೆ ವ್ಯತ್ಯಾಸ ಹುಡುಕಲು ಕೂತೆವು. ಮಕ್ಕಳೇ, ಬ್ಯಾಂಕಿನ ಗುಮಾಸ್ತರ ಒಂದು ಗುಟ್ಟು ಹೇಳುತ್ತೇನೆ. ಲೆಕ್ಕದ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ, ಯಾರೋ ಎರಡು ಅಂಕಿಗಳನ್ನು ಹಿಂದುಮುಂದು ಬರೆದಿರುವ ಸಾಧ್ಯತೆ ಹೆಚ್ಚು. 73ನ್ನು 37 ಎಂದು ಬರೆದರೆ ವ್ಯತ್ಯಾಸ 36, ಅದು ಒಂಬತ್ತರ ನಾಲ್ಕರಷ್ಟು. ಬೇರೆ ಅಂಕಿ ಹಾಕಿ ನೀವೇ ಮಾಡಿ ನೋಡಿ. 1,800ನ್ನು ಒಂಬತ್ತರಿಂದ ಭಾಗಿಸಿದೆ. ಸರಿಯಾಗಿ 200. ಎದೆ ಧಸಕ್ಕೆಂದಿತು. ಹಿಂದುಮುಂದಾದ ಅಂಕಿ ಹುಡುಕುತ್ತಾ ಹೋದರೆ ಸಿಕ್ಕಿದ್ದು ಅವರದೇ ಖಾತೆ. ಲೆಡ್ಜರಿನಲ್ಲಿ 8,640. ಕಂಪ್ಯೂಟರಿನಲ್ಲಿ 6,840. ತುಂಬಿದವರ ಸಹಿ ನನ್ನದು.

ಮರುದಿನ ಮ್ಯಾನೇಜರ್ ಜೊತೆ ಅವರ ಊರಿಗೆ ಹೋದೆ. ಹಣ ಸರಿಮಾಡಿದ ಚೀಟಿ ಕೊಟ್ಟು ಕೈ ಮುಗಿದೆ. “ಕಂಪ್ಯೂಟರ್‌ಗೆ ಹಾಕುವಾಗ ತಪ್ಪಾಗಿತ್ತು” ಎಂದೆ. ಅವರು ಬೈಯಲಿಲ್ಲ. ಕೊಟ್ಟಿಗೆಯ ಹೋರಿಗಳ ಕಡೆ ನೋಡುತ್ತಾ ಹೇಳಿದರು: “ಬರ್ದೋರು ನೀವಲ್ವಾ ಸಾಮಿ, ಅದೇನ್ ಮಾಡ್ತದೆ ಪಾಪ. ಅವತ್ತು ಒಂದ್ಸಾರಿ ಪುಸ್ತಕ ತಗ್ದು ನೋಡಿದ್ರೆ ಆಗಿತ್ತು.”

1,800 ರೂಪಾಯಿ ಹಿಂದಿರುಗಿಸಬಹುದಿತ್ತು, ಹಿಂದಿರುಗಿಸಿದೆವು. ಆ ಜೋಡಿಯನ್ನು ಮಾತ್ರ ಯಾರೂ ತರುವ ಹಾಗಿರಲಿಲ್ಲ. ಅದು ಆಗಲೇ ಲಾರಿ ಹತ್ತಿ ಬಡಗಣ ಸೀಮೆ ಸೇರಿತ್ತು. ಅವರ ಮನೆಯಾಕೆ ಆ ಎತ್ತುಗಳ ಹೆಸರು ಹೇಳಿ ಕಣ್ಣೊರೆಸಿಕೊಂಡದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದಕ್ಕೇನಾ ತಾತ ನೀನು ಆ ಲೆಡ್ಜರ್ ಇಟ್ಟಿರೋದು?” ಎಂದಳು.

ಅದಕ್ಕೇ. ನನಗೇ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಅಲ್ಲಿಂದ ಎದ್ದು ಹೊಳೆಯ ಕಡೆ ನಡೆದೆವು. ಇಲ್ಲಿ ಕಾವೇರಿ ಕವಲಾಗಿ ಬಂಡೆಗಳ ನಡುವೆ ನುಗ್ಗಿ ಸುಮಾರು 20 ಮೀಟರ್, ಎಂದರೆ ಅರವತ್ತೈದು ಅಡಿ ಕೆಳಕ್ಕೆ ಧುಮುಕುತ್ತದೆ. ಧನುಷ್ಕೋಟಿ ಎಂದು ಅದರ ಹೆಸರು. ವನವಾಸದ ಕಾಲದಲ್ಲಿ ಚುಂಚ, ಚುಂಚಿ ಎಂಬ ಬೇಡ ದಂಪತಿ ಇಲ್ಲಿದ್ದರಂತೆ, ಬಾಣ ತಾಗಿ ಬಂಡೆ ಸೀಳಿ ನೀರು ಹರಿಯಿತಂತೆ. ಊರಿಗೂ ಜಲಪಾತಕ್ಕೂ ಹೆಸರು ಬಂದದ್ದು ಹೀಗೆ ಎಂದು ಜನ ಹೇಳುತ್ತಾರೆ. ಜನವರಿಯಲ್ಲಿ ನೀರು ಕಡಿಮೆ. ಬೆಳ್ಳಗೆ ನಾಲ್ಕಾರು ಎಳೆಯಾಗಿ ಇಳಿಯುತ್ತಿತ್ತು. ಕೊಡಗಿನಲ್ಲಿ ಮಳೆ ಹಿಡಿದಾಗ, ಜುಲೈ, ಆಗಸ್ಟಿನಲ್ಲಿ ಬಂದರೆ ಕೆನ್ನೀರು ಭೋರ್ಗರೆಯುವುದನ್ನು ನೋಡಬಹುದು. ಬಂಡೆಗಳು ಜಾರುತ್ತವೆ, ಮಕ್ಕಳ ಕೈ ಬಿಡಬೇಡಿ, ನೀರಿಗೆ ಇಳಿಯಲೇಬೇಡಿ.

ದಡದ ಮೇಲೆ ಕೋದಂಡರಾಮ ದೇವಸ್ಥಾನ. ಸಾಮಾನ್ಯವಾಗಿ ಸೀತೆ ರಾಮನ ಎಡಕ್ಕೆ ಇರುತ್ತಾಳೆ, ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಹೊರಗೆ ಎಷ್ಟೇ ನೀರಿನ ಸದ್ದಿದ್ದರೂ ಗರ್ಭಗುಡಿಯ ಬಳಿ ಕೇಳಿಸುವುದಿಲ್ಲ ಎಂಬ ಮಾತೂ ಇದೆ. ಮೊಮ್ಮಗಳು ಒಳಗೆ ಕಣ್ಣು ಮುಚ್ಚಿ ನಿಂತು, ಹೊರಗೆ ಬಂದು ಕಿವಿಗೊಟ್ಟು, ಮತ್ತೆ ಒಳಗೆ ಹೋಗಿ ಪರೀಕ್ಷೆ ಮಾಡಿದಳು. “ಈಗ ನೀರೇ ಕಮ್ಮಿ ತಾತ. ಮಳೆಗಾಲದಲ್ಲಿ ಬಂದು ಇನ್ನೊಂದ್ಸಲ ನೋಡ್ಬೇಕು” ಎಂದಳು. ನನಗೆ ಬಹಳ ಸಂತೋಷವಾಯಿತು.

ಮನೆಗೆ ಬಂದು ಕೈಕಾಲು ತೊಳೆದವಳೇ ಲ್ಯಾಪ್‌ಟಾಪ್ ತೆಗೆದು, “ಬಾ ತಾತ, ಹಲ್ಲು ನೋಡೋಣ” ಎಂದಳು.

ಕಂಪ್ಯೂಟರಿಗೂ ಹಲ್ಲಿದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಂ ಎಂಬಲ್ಲಿ ಒತ್ತಿ, ಕೆಳಗಿನ ಅಬೌಟ್ ತೆರೆದರೆ ಕಾಣುತ್ತದೆ. ನಮ್ಮದರಲ್ಲಿ ಇಂಟೆಲ್ ಐ5-7200ಯು ಎಂದಿತ್ತು. ಇಲ್ಲಿ 7200ರ ಮೊದಲ ಅಂಕಿ ತಲೆಮಾರು ತಿಳಿಸುತ್ತದೆ. ನಮ್ಮದು ಏಳನೆಯದು. ವಿಂಡೋಸ್ 11 ಕೇಳುವುದು ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲಕ್ಕೆ. ಜೊತೆಗೆ ಟಿಪಿಎಂ 2.0 ಎಂಬ, ಗುಟ್ಟಿನ ಕೀಲಿಗಳನ್ನು ಕಾಯುವ ಭದ್ರತಾ ಭಾಗವೂ ಬೇಕು. ಒಂದೇ ಒಂದು ಹಲ್ಲು ಕಡಿಮೆ! ಅಷ್ಟಕ್ಕೇ ಎತ್ತು ಕೊಟ್ಟಿಗೆಯಿಂದ ಹೊರಗೆ.

ಆಮೇಲೆ ನಡಿಗೆ ನೋಡಿದೆವು. ಆನ್ ಆಗಲು ನಾಲ್ಕು ನಿಮಿಷ. ಕಾರಣ ಪ್ರೊಸೆಸರ್ ಅಲ್ಲ, ಒಳಗೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕು. ಮೆಮೊರಿ 8 ಜಿಬಿ, ಸಾಕಷ್ಟಿದೆ. ಕೊನೆಗೆ, ಯಾವ ಕೆಲಸಕ್ಕೆ ಎಂದು ಪಟ್ಟಿ ಮಾಡಿದೆವು. ಪಾಠದ ವಿಡಿಯೊ, ಪ್ರಾಜೆಕ್ಟ್ ಬರೆಯುವುದು, ಪೈಥಾನ್, ಕನ್ನಡ ಟೈಪಿಂಗ್. ಇದ್ಯಾವುದೂ ಆ ಎತ್ತಿಗೆ ಮೀರಿದ ಹೊರೆಯಲ್ಲ.

ಹಾಗೆಂದು ಪತ್ರಿಕೆಯ ಸುದ್ದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ರಕ್ಷಣೆಯ ತಿದ್ದುಪಡಿ ಬಾರದ ಕಂಪ್ಯೂಟರಿಗೆ ವೈರಸ್ಸಿನ ಅಪಾಯ ನಿಜ. ಅಂಥದ್ದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂದು ಮಾಜಿ ಗುಮಾಸ್ತನಾಗಿ ಒತ್ತಿ ಹೇಳುತ್ತೇನೆ. ಆದರೆ ದೊಡ್ಡಕ್ಷರದ ಸುದ್ದಿಯ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಮನೆಬಳಕೆಯವರು ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತಿದ್ದುಪಡಿ ಸಿಗುತ್ತದೆ. ಎರಡನೆಯದಾಗಿ, ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಇದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಇರುವುದನ್ನು ಅಳಿಸದೆಯೇ ಓಡಿಸಿ ನೋಡಬಹುದು. ಎತ್ತನ್ನು ಕೊಳ್ಳುವ ಮುಂಚೆ ನಡೆಸಿ ನೋಡಿದ ಹಾಗೆ.

ಮೊಮ್ಮಗಳು ಒಂದು ಭಾನುವಾರ ಪೂರ್ತಿ ನಡೆಸಿ ನೋಡಿದಳು. ಪೈಥಾನ್ ಓಡಿತು. ಕೆ. ಪಿ. ರಾವ್ ಅವರು ರೂಪಿಸಿದ, ನಾವೆಲ್ಲ ‘ನುಡಿ’ಯಲ್ಲಿ ಬಳಸುವ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಕ್ಕಿತು. ಅದರಲ್ಲಿ ಅವಳು ಮೊದಲು ಟೈಪ್ ಮಾಡಿದ್ದು ‘ಚುಂಚನಕಟ್ಟೆ’ ಎಂದು. ಹಳೆಯ ಡಿಸ್ಕು ತೆಗೆದು ಹೊಸ ಬಗೆಯ ಎಸ್‌ಎಸ್‌ಡಿ ಹಾಕಿಸಿದೆವು. ಕೂಲಿಯೂ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಈಗ ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ. ನನ್ನ ಮಗ ಸೋತ ಮುಖದಲ್ಲೇ ಇದ್ದರೂ, ಅಮ್ಮನ ಕಣ್ಣಿನ ಆಸ್ಪತ್ರೆಗೆ ದಿನ ಗೊತ್ತುಮಾಡಿದವನು ಅವನೇ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಮುದಿ ಎತ್ತನ್ನು ನೊಗಕ್ಕೆ ಕಟ್ಟುವುದು ತಪ್ಪು. ಮೆಮೊರಿ ತೀರಾ ಕಡಿಮೆ ಇದ್ದರೆ, ಅಥವಾ ಮಕ್ಕಳ ಓದಿಗೆ ವಿಂಡೋಸ್‌ನದೇ ಹೊಸ ತಂತ್ರಾಂಶ ಬೇಕಿದ್ದರೆ ಹೊಸದು ಕೊಳ್ಳಲೇಬೇಕು. ನಮ್ಮದೂ ಇನ್ನೆರಡು ಮೂರು ವರ್ಷಕ್ಕೆ ನಿಂತೀತು. ಅಷ್ಟರಲ್ಲಿ ಹೊಸ ಠೇವಣಿ ಕೂಡಿಸಬಹುದು. ಆದರೆ ಕಂಪ್ಯೂಟರ್ ಸುದ್ದಿ ಓದಿ ಕೈಯನ್ನು ಜೇಬಿಗೆ ಹಾಕುವ ಮುನ್ನ ಜಾತ್ರೆಯ ಆ ಹಿರಿಯರ ಮಾತು ನೆನಪಿಸಿಕೊಳ್ಳಿ. ನಿನಗೆ ಯಾತಕ್ಕೆ ಬೇಕು? ಹಲ್ಲೆಷ್ಟು, ನಡಿಗೆ ಹೇಗೆ? ಇದಕ್ಕೆ ನನ್ನದೊಂದು ಸೇರಿಸುತ್ತೇನೆ: ಹೇಳುತ್ತಿರುವವರು ಯಾರು, ಮಾರುವವರೋ, ದಳ್ಳಾಳಿಯೋ, ಕೊಂಡು ಬಳಸಿದವರೋ?

ಲೆಡ್ಜರಿನ ಎಡಪುಟಕ್ಕೆ ಮೆಮೊರಿ ಬೆಲೆಯ ಸುದ್ದಿ ಅಂಟಿಸಿ, ಎದುರಿನ ಬಲಪುಟ ಎಂದಿನಂತೆ ಖಾಲಿ ಬಿಟ್ಟಿದ್ದೇನೆ. ಈ ಸಲ ಅದನ್ನು ತುಂಬುವ ಕೆಲಸ ಮೊಮ್ಮಗಳದು. ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಈಗಾಗಲೇ ಬರೆದಿಟ್ಟಿದ್ದಾಳೆ: ‘ನೋಡಿ ಬರೆಯಬೇಕು.’

ಹೋಗುವವರಿಗೆ: ಮೈಸೂರಿನಿಂದ ಕೃಷ್ಣರಾಜನಗರಕ್ಕೆ ಸುಮಾರು 40 ಕಿಲೋಮೀಟರ್, ರೈಲೂ ಇದೆ, ಬಸ್ಸೂ ಇದೆ. ಅಲ್ಲಿಂದ ಚುಂಚನಕಟ್ಟೆಗೆ ಬಸ್ಸು. ದನಗಳ ಜಾತ್ರೆಗೆ ಸಂಕ್ರಾಂತಿಯ ಆಸುಪಾಸು, ಜಲಪಾತಕ್ಕೆ ಮಳೆಗಾಲ. ಬೆಳಿಗ್ಗೆ ಹೊರಟರೆ ಎರಡನ್ನೂ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಕುಡಿಯುವ ನೀರು, ಬುತ್ತಿ ಕಟ್ಟಿಕೊಂಡು ಹೋಗಿ. ಎತ್ತಿನ ಹಿಂದೆ ನಿಲ್ಲಬೇಡಿ.